ಕಾರಿನ ಛಾವಣಿಯ ಮೇಲೆ ಡೇರೆ: ಯಾರಿಗೆ ಉಪಯುಕ್ತ, ಯಾರಿಗೆ ಹೊರೆ?

ಕಾರಿನ ಛಾವಣಿಗೆ ಬಿಗಿದುಕೊಂಡು ಹೋಗಿ, ತಂಗುವ ಸ್ಥಳದಲ್ಲಿ ಬಿಚ್ಚಿ, ಏಣಿಯೇರಿ ಮಲಗುವ ಡೇರೆಗೆ ರೂಫ್‌ಟಾಪ್ ಟೆಂಟ್ ಅಥವಾ ಛಾವಣಿ ಡೇರೆ ಎಂದು ಹೆಸರು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಹಾಗೂ ನಮೀಬಿಯಾಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಈ ಸಾಧನವು ಇತ್ತೀಚಿನ ವರ್ಷಗಳಲ್ಲಿ ಭಾರತದ ಪ್ರವಾಸಿಗರ ಗಮನವನ್ನೂ ಸೆಳೆದಿದೆ. ಇದರ ಬೆಲೆ ನೆಲದ ಮೇಲೆ ಹೂಡುವ ಸಾಮಾನ್ಯ ಡೇರೆಗಿಂತ ಹಲವು ಪಟ್ಟು ಅಧಿಕ. ಆದ್ದರಿಂದ ಹಾಕಿದ ಹಣಕ್ಕೆ ತಕ್ಕ ಪ್ರಯೋಜನ ದೊರೆಯುವುದೇ ಎಂಬ ಪ್ರಶ್ನೆ ಸಹಜ. ಉತ್ತರವು ಡೇರೆಯ ಅಂದಚೆಂದಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ. ಅವೆಂದರೆ ಛಾವಣಿ ಹೊರಬಲ್ಲ ಭಾರ, ಪ್ರವಾಸದ ಸ್ವರೂಪ ಮತ್ತು ತಂಗುವ ನೆಲ.

ಹಿನ್ನೆಲೆ

ಛಾವಣಿ ಡೇರೆ ಹೊಸ ಆವಿಷ್ಕಾರವಲ್ಲ. ಇಟಲಿಯಲ್ಲಿ 1950ರ ದಶಕದ ಕೊನೆಯ ವೇಳೆಗೇ ಇವು ಮಾರುಕಟ್ಟೆಯಲ್ಲಿದ್ದವು. ಪೂರ್ವ ಜರ್ಮನಿಯಲ್ಲಿ ಟ್ರಾಬಂಟ್ ಎಂಬ ಪುಟ್ಟ ಕಾರಿನ ಮೇಲೂ ಇಂತಹ ಡೇರೆ ಹೂಡಿ ರಜೆ ಕಳೆಯುವ ರೂಢಿಯಿತ್ತು. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಹಾಗೂ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಊರಿಂದೂರಿಗೆ ನೂರಾರು ಕಿಲೋಮೀಟರ್ ಅಂತರವಿರುವುದರಿಂದ ದಿನಕ್ಕೊಂದು ಕಡೆ ತಂಗುವ ಪ್ರಯಾಣಿಕರಿಗೆ ಇದು ಅನುಕೂಲವಾಯಿತು. ನಮೀಬಿಯಾದಲ್ಲಿ ಛಾವಣಿ ಡೇರೆ ಸಹಿತವಾದ ಫೋರ್ ವೀಲ್ ಡ್ರೈವ್ ವಾಹನಗಳು ಬಾಡಿಗೆಗೂ ದೊರೆಯುತ್ತವೆ. ಅಮೆರಿಕದಲ್ಲಿ ಈ ಬಗೆಯ ಡೇರೆಗಳು ಜನಪ್ರಿಯವಾದದ್ದು 2010ರ ನಂತರ. ಕಾರಿನ ಕ್ಯಾರಿಯರ್‌ಗಳಿಗೆ ಹೆಸರಾದ ಸ್ವೀಡನ್ನಿನ ಥೂಲೆ ಕಂಪನಿಯು 2018ರಲ್ಲಿ ಟೆಪುಯಿ ಎಂಬ ಅಮೆರಿಕದ ಡೇರೆ ತಯಾರಿಕಾ ಸಂಸ್ಥೆಯನ್ನು ಖರೀದಿಸಿತು.

ಎರಡು ಬಗೆ

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಮಡಿಸುವ ಬಟ್ಟೆ ಡೇರೆ. ಪುಸ್ತಕದಂತೆ ಮಡಿಸಿದ ಇದರ ಅರ್ಧಭಾಗವು ಬಿಚ್ಚಿದಾಗ ಕಾರಿನಿಂದ ಹೊರಚಾಚುತ್ತದೆ. ಆ ಭಾಗಕ್ಕೆ ಏಣಿಯೇ ಆಧಾರ. ಬೆಲೆ ಕಡಿಮೆ, ಒಳಗೆ ಸ್ಥಳ ಹೆಚ್ಚು. ಆದರೆ ಬಿಚ್ಚಿ ಮಡಿಸಲು ಐದರಿಂದ ಹದಿನೈದು ನಿಮಿಷ ಬೇಕು. ಎರಡನೆಯದು ಗಟ್ಟಿ ಕವಚದ ಡೇರೆ. ಪೆಟ್ಟಿಗೆಯಂತಿರುವ ಇದರ ಮುಚ್ಚಳವು ಗ್ಯಾಸ್ ತುಂಬಿದ ದಂಡಗಳ ಬಲದಿಂದ ಒಂದೆರಡು ನಿಮಿಷಗಳಲ್ಲಿ ಮೇಲೇಳುತ್ತದೆ. ಮಳೆ, ಗಾಳಿಗೆ ಇದು ಹೆಚ್ಚು ತಾಳುತ್ತದೆ. ತೂಕ ಮತ್ತು ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಎರಡರಲ್ಲಿಯೂ ಹಾಸಿಗೆ ಒಳಗೇ ಇರುತ್ತದೆ.

ಭಾರದ ಲೆಕ್ಕ

ಖರೀದಿಗೆ ಮುನ್ನ ಗಮನಿಸಬೇಕಾದ ಅತಿ ಮುಖ್ಯ ಅಂಶ ಇದೇ ಆಗಿದೆ. ಇಬ್ಬರು ಮಲಗುವ ಡೇರೆಯೊಂದು ಸುಮಾರು 45ರಿಂದ 80 ಕಿಲೋ ತೂಗುತ್ತದೆ. ಕಾರು ಚಲಿಸುವಾಗ ಛಾವಣಿಯ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ತಯಾರಕರು ಕೈಪಿಡಿಯಲ್ಲಿ ನಮೂದಿಸುತ್ತಾರೆ. ಅನೇಕ ಕಾರುಗಳಲ್ಲಿ ಈ ಮಿತಿ 50ರಿಂದ 100 ಕಿಲೋ ನಡುವೆ ಇರುತ್ತದೆ. ಬೆಟ್ಟಗುಡ್ಡಗಳ ಪ್ರವಾಸಕ್ಕೆ ಹೆಸರಾದ ಸುಜುಕಿ ಜಿಮ್ನಿಯ ಮೂರು ಬಾಗಿಲಿನ ಮಾದರಿಗೆ ವಿದೇಶಗಳಲ್ಲಿ ನಿಗದಿಯಾಗಿರುವ ಮಿತಿ ಕೇವಲ 30 ಕಿಲೋ. ನೋಟಕ್ಕೆ ಗಟ್ಟಿಮುಟ್ಟಾದ ವಾಹನಗಳೆಲ್ಲ ಛಾವಣಿ ಡೇರೆಗೆ ಯೋಗ್ಯವಲ್ಲ ಎಂಬುದಕ್ಕೆ ಇದು ನಿದರ್ಶನ.

ಉದಾಹರಣೆಗೆ, ಮಿತಿ 75 ಕಿಲೋ ಇರುವ ಕಾರಿನ ಮೇಲೆ 60 ಕಿಲೋ ಡೇರೆಯನ್ನೂ 6 ಕಿಲೋ ಅಡ್ಡಕಂಬಿಗಳನ್ನೂ ಇರಿಸಿದರೆ ಒಟ್ಟು 66 ಕಿಲೋ ಆಗುತ್ತದೆ. ಉಳಿಯುವುದು 9 ಕಿಲೋ ಮಾತ್ರ. ಮಳೆಯಲ್ಲಿ ನೆನೆದ ಬಟ್ಟೆ ಹಾಗೂ ಡೇರೆಯೊಳಗೇ ಬಿಟ್ಟ ಹೊದಿಕೆಗಳು ಈ ಅಂತರವನ್ನು ಬೇಗನೆ ತುಂಬುತ್ತವೆ. ಅಡ್ಡಕಂಬಿಗಳಿಗೆ ಮತ್ತು ಅವುಗಳನ್ನು ಬಿಗಿಯುವ ರೂಫ್ ರೈಲ್‌ಗಳಿಗೆ ಪ್ರತ್ಯೇಕ ಮಿತಿಗಳಿರುತ್ತವೆ. ಎಲ್ಲ ಮಿತಿಗಳಲ್ಲಿ ಯಾವುದು ಅತಿ ಕಡಿಮೆಯೋ ಅದನ್ನೇ ಪರಿಗಣಿಸಬೇಕು. ಭಾರತದ ಕೆಲವು ಕಾರುಗಳಲ್ಲಿರುವ ರೂಫ್ ರೈಲ್‌ಗಳು ಅಲಂಕಾರಕ್ಕೆ ಮಾತ್ರ ಮೀಸಲು; ಅವುಗಳಿಗೆ ಏನನ್ನೂ ಕಟ್ಟುವಂತಿಲ್ಲ.

ಹಾಗಿದ್ದರೆ 75 ಕಿಲೋ ಮಿತಿಯ ಛಾವಣಿಯ ಮೇಲೆ ಇಬ್ಬರು ಮಲಗುವುದು ಹೇಗೆ ಎಂಬ ಸಂದೇಹ ಬರಬಹುದು. ಕೈಪಿಡಿಯ ಮಿತಿ ಚಲಿಸುವ ಕಾರಿಗೆ ಸಂಬಂಧಿಸಿದ್ದು. ತಿರುವು, ಬ್ರೇಕ್ ಮತ್ತು ಗುಂಡಿಗಳಲ್ಲಿ ಛಾವಣಿಯ ಮೇಲಿನ ಪ್ರತಿ ಕಿಲೋ ಭಾರವೂ ಹಲವು ಪಟ್ಟಾಗಿ ಎಳೆಯುತ್ತದೆ. ನಿಂತ ಕಾರಿಗೆ ಈ ಎಳೆತವಿಲ್ಲ. ಆದ್ದರಿಂದ ನಿಂತಾಗ ಅದು ಹೊರಬಲ್ಲ ಭಾರ ಚಲಿಸುವಾಗಿನ ಮಿತಿಗಿಂತ ಬಹಳ ಹೆಚ್ಚು. ನಿಂತ ಕಾರಿನ ಮಿತಿಯನ್ನು ಕೆಲವು ತಯಾರಕರು ಮಾತ್ರ ಪ್ರಕಟಿಸುತ್ತಾರೆ. ಕೈಪಿಡಿಯಲ್ಲಿ ಇಲ್ಲದಿದ್ದರೆ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯುವುದು ಉತ್ತಮ.

ಚಾಲನೆಯ ಮೇಲೆ ಪರಿಣಾಮ

ಭಾರ ಮೇಲಕ್ಕೇರಿದಷ್ಟೂ ವಾಹನದ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಘಾಟಿಯ ತಿರುವುಗಳಲ್ಲಿ ವಾಲುವಿಕೆ ಹೆಚ್ಚುತ್ತದೆ, ಅಡ್ಡಗಾಳಿಗೆ ಕಾರು ಓಲಾಡುತ್ತದೆ. ಗಾಳಿಯ ಪ್ರತಿರೋಧದಿಂದ ಇಂಧನದ ಖರ್ಚೂ ಏರುತ್ತದೆ. ಎತ್ತರ ಹೆಚ್ಚುವುದರಿಂದ ನೆಲಮಾಳಿಗೆಯ ಪಾರ್ಕಿಂಗ್, ರೈಲ್ವೆ ಕೆಳಸೇತುವೆ ಹಾಗೂ ಮರದ ಕೊಂಬೆಗಳ ಕೆಳಗೆ ಎಚ್ಚರ ಬೇಕು. ಡೇರೆಯನ್ನು ಇಳಿಸಿ ಏರಿಸಲು ಕನಿಷ್ಠ ಇಬ್ಬರು ಬೇಕಾಗುವುದರಿಂದ ಅನೇಕರು ಅದನ್ನು ವರ್ಷವಿಡೀ ಕಾರಿನ ಮೇಲೆಯೇ ಬಿಡುತ್ತಾರೆ. ಆಗ ನಿತ್ಯದ ಓಡಾಟದಲ್ಲಿಯೂ ಈ ನಷ್ಟ ತಪ್ಪುವುದಿಲ್ಲ.

ಅನುಕೂಲ, ಅನಾನುಕೂಲ

ಛಾವಣಿ ಡೇರೆಯ ನಿಜವಾದ ಲಾಭವೆಂದರೆ ನೆಲದಿಂದ ಬಿಡುಗಡೆ. ಕಲ್ಲು, ಕೆಸರು, ಮಳೆನೀರಿನ ಹರಿವು, ಚೇಳು, ಇಂಬಳಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಗೂಟ ಹೊಡೆಯುವ ಅಗತ್ಯವಿಲ್ಲ. ತಡರಾತ್ರಿ ತಲುಪಿದರೂ ಹಾಸಿಗೆ ಸಿದ್ಧವಾಗಿರುತ್ತದೆ. ಹಾಸಿಗೆ ಮೇಲಿರುವುದರಿಂದ ಕಾರಿನ ಒಳಗೂ ಸ್ಥಳ ಉಳಿಯುತ್ತದೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕಾದುದು ಇದರ ಮೊದಲ ಕಟ್ಟುಪಾಡು. ಇಳಿಜಾರಿನಲ್ಲಿ ನಿಂತರೆ ಮಲಗಿದವರು ರಾತ್ರಿಯಿಡೀ ಒಂದೇ ಬದಿಗೆ ಜಾರುತ್ತಾರೆ. ಹಾಲು ತರಲು ಪಕ್ಕದ ಊರಿಗೆ ಹೋಗಬೇಕೆಂದರೂ ಡೇರೆಯನ್ನು ಮಡಿಸಲೇಬೇಕು. ರಾತ್ರಿ ಮೂತ್ರಕ್ಕೆ ಏಳುವವರಿಗೆ, ಮಂಡಿನೋವಿನ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಸುಮಾರು ಎರಡು ಮೀಟರ್ ಎತ್ತರದ ಏಣಿ ಅಪಾಯಕರ. ಒದ್ದೆಯಾದ ಡೇರೆಯನ್ನು ಮಡಿಸಿ ಹಾಗೆಯೇ ಇಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿ ಒಣಗಿಸುವುದು ಅನಿವಾರ್ಯ. ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವವರಿಗೆ ಇದು ಸುಲಭವಲ್ಲ.

ಕರ್ನಾಟಕದ ಪರಿಸ್ಥಿತಿ

ಮಲೆನಾಡಿನ ಮಳೆಗಾಲವನ್ನು ನೆನೆದರೆ ನೆಲಬಿಟ್ಟು ಮಲಗುವ ಡೇರೆ ಆಕರ್ಷಕವಾಗಿ ಕಾಣುವುದು ನಿಜ. ಆದರೆ ಇಲ್ಲಿ ಎಲ್ಲೆಂದರಲ್ಲಿ ತಂಗುವಂತಿಲ್ಲ. ಅಭಯಾರಣ್ಯಗಳಿಗೆ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸಿದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿಯೇ ನಿಷೇಧ ಹೇರಲಾಯಿತು. ಕೊಡಗು ಹಾಗೂ ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡಾನೆಗಳ ಸಂಚಾರವಿದೆ. ಇಂಬಳವನ್ನು ದೂರವಿಡುವ ಎತ್ತರವು ಆನೆಯಿಂದ ರಕ್ಷಣೆ ನೀಡದು.

ಹೀಗಾಗಿ ಹೋಂಸ್ಟೇ ಅಂಗಳ, ತೋಟದ ಮಾಲೀಕರು ಅನುಮತಿಸಿದ ಜಾಗ ಅಥವಾ ಗೊತ್ತುಪಡಿಸಿದ ಶಿಬಿರತಾಣಗಳೇ ಇಲ್ಲಿನ ಆಯ್ಕೆ. ಇಂತಹ ಕಡೆ ಸಾಮಾನ್ಯವಾಗಿ ಹದಗೊಳಿಸಿದ ನೆಲ ಮತ್ತು ಶೌಚಾಲಯ ಇರುತ್ತವೆ. ಒಳ್ಳೆಯ ನೆಲದ ಡೇರೆಯೇ ಸಾಕಾಗುತ್ತದೆ. ಲಡಾಖ್ ಅಥವಾ ಸ್ಪಿತಿಯಂತಹ ದೀರ್ಘ ಪ್ರವಾಸಗಳಲ್ಲಿ, ದಿನವೂ ಸ್ಥಳ ಬದಲಿಸುವವರಿಗೆ, ಛಾವಣಿ ಡೇರೆಯ ಉಪಯೋಗ ಹೆಚ್ಚು.

ಕಾನೂನಿನ ದೃಷ್ಟಿಯಿಂದಲೂ ಎಚ್ಚರಿಕೆ ಅಗತ್ಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಖಾಯಂ ಕ್ಯಾರಿಯರ್ ಕೂರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವುದು ಕ್ಷೇಮಕರ.

ಖರ್ಚು ಮತ್ತು ಸುರಕ್ಷತೆ

ಡೇರೆ ಮತ್ತು ಕ್ಯಾರಿಯರ್ ಸೇರಿ ಒಂದು ಲಕ್ಷ ರೂಪಾಯಿ ವೆಚ್ಚವಾಯಿತೆಂದು ಭಾವಿಸೋಣ. ವರ್ಷಕ್ಕೆ ಆರು ರಾತ್ರಿಗಳಂತೆ ಐದು ವರ್ಷ ಬಳಸಿದರೆ ಒಂದು ರಾತ್ರಿಗೆ ತಗಲುವ ವೆಚ್ಚ 3,333 ರೂಪಾಯಿ. ಆ ಹಣದಲ್ಲಿ ಇಬ್ಬರಿಗೆ ಉತ್ತಮ ಕೋಣೆಯೇ ದೊರೆಯುತ್ತದೆ. ವರ್ಷಕ್ಕೆ 20 ರಾತ್ರಿ ಬಳಸಿದರೆ ಅದು 1,000 ರೂಪಾಯಿಗೆ ಇಳಿಯುತ್ತದೆ. ತಂಗುದಾಣದ ಶುಲ್ಕ ಪ್ರತ್ಯೇಕ. ಮೊದಲು ಬಾಡಿಗೆಗೆ ಪಡೆದು ಒಂದೆರಡು ರಾತ್ರಿ ಮಲಗಿ ನೋಡುವುದು ಜಾಣತನ.

ಡೇರೆ ಯಾವುದೇ ಇರಲಿ, ಒಳಗೆ ಸ್ಟೌವ್ ಉರಿಸುವುದಾಗಲಿ ಕೆಂಡ ಇಡುವುದಾಗಲಿ ಸಲ್ಲದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ನಿದ್ರೆಯಲ್ಲಿರುವಾಗಲೇ ಪ್ರಾಣ ತೆಗೆಯಬಲ್ಲದು. ಕಾರಿನ ಎಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯಕರ. ಗುಡುಗು ಸಿಡಿಲಿನ ಸಮಯದಲ್ಲಿ ಬಟ್ಟೆಯ ಡೇರೆಗಿಂತ ಮುಚ್ಚಿದ ಕಾರಿನ ಒಳಭಾಗ ಸುರಕ್ಷಿತ. ದಾರಿಯಲ್ಲಿ ಪ್ರತಿದಿನ ಬೆಳಿಗ್ಗೆ ಕ್ಯಾರಿಯರ್ ಬೋಲ್ಟ್‌ಗಳ ಬಿಗಿತವನ್ನು ಪರೀಕ್ಷಿಸಬೇಕು.

ಒಟ್ಟಿನಲ್ಲಿ, ಛಾವಣಿಯ ಮಿತಿ ಸಾಕಷ್ಟಿರುವ ವಾಹನ ಹೊಂದಿದ, ವರ್ಷದಲ್ಲಿ ಹಲವು ವಾರ ಸಂಚರಿಸುವ, ದಿನವೂ ಹೊಸ ನೆಲದಲ್ಲಿ ತಂಗುವ ಒಬ್ಬಿಬ್ಬರಿಗೆ ಛಾವಣಿ ಡೇರೆ ಉಪಯುಕ್ತ. ವರ್ಷಕ್ಕೆರಡು ವಾರಾಂತ್ಯ ಒಂದೇ ಕಡೆ ತಂಗುವ ಕುಟುಂಬಕ್ಕೆ ನೆಲದ ಡೇರೆ, ಒಳ್ಳೆಯ ಹಾಸಿಗೆ ಮತ್ತು ಕೆಳಗೆ ಹಾಸಲು ಒಂದು ಟಾರ್ಪಾಲು ಸಾಕು. ಚಲಿಸುವ ಕಾರಿನ ಛಾವಣಿ ಮಿತಿಗಿಂತ ಡೇರೆಯೇ ಭಾರವಾಗಿದ್ದರೆ, ಅಗ್ಗಕ್ಕೆ ಸಿಕ್ಕರೂ ಅದನ್ನು ಕೊಳ್ಳಬಾರದು.