ಗದ್ದೆಯ ಕೆಸರು ಮತ್ತು ಲಿವರ್ ರೋಗಿಯ ರಕ್ತನಾಳ

ಸಿರೋಸಿಸ್ ಇರುವವರ ರಕ್ತನಾಳಕ್ಕೆ ಸ್ಟೆಂಟ್, ಕೃತಕ ನಾಳ ಅಥವಾ ಕ್ಯಾತಿಟರ್ ಹಾಕಿದ ಮೇಲೆ ಜ್ವರ ಬಂದರೆ ವೈದ್ಯರ ಮೊದಲ ಅನುಮಾನ ಚರ್ಮದ ಸ್ಟೆಫಿಲೊಕಾಕಸ್ ಮೇಲೆ, ಆಮೇಲೆ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ. ಅನುಮಾನ ಸರಿಯೇ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ರೋಗಿಯಾದರೆ ಗದ್ದೆಯ ಮಣ್ಣನ್ನೂ ಈ ಪಟ್ಟಿಗೆ ಸೇರಿಸಬೇಕು.

ಕರಾವಳಿಯ ಮಣ್ಣು-ನೀರಿನಲ್ಲಿ ಬದುಕುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ ತರುವ ರೋಗ ಮೆಲಿಯೋಯ್ಡೋಸಿಸ್. ರಂಗೂನಿನಲ್ಲಿ ಇದನ್ನು ಗುರುತಿಸಿದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ 1912ರಲ್ಲಿ ವರದಿ ಪ್ರಕಟಿಸಿದರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಜ್ಞರು ಈ ಭಾಗದ ಪ್ರಕರಣಗಳನ್ನು ವರ್ಷಗಳಿಂದ ದಾಖಲಿಸುತ್ತಿದ್ದಾರೆ, ಬಹುಪಾಲು ಮಳೆಗಾಲದವು. ಬರಿಗಾಲಲ್ಲಿ ಬೈಲುಗದ್ದೆಗೆ ಇಳಿದು ಅಗೆ ಕಿತ್ತು ನಟ್ಟಿ ಮಾಡುವವರ ಹಿಮ್ಮಡಿಯ ಬಿರುಕು ಸಾಕು, ರೋಗಾಣು ಒಳಹೊಗಲು. ಸಕ್ಕರೆ ಕಾಯಿಲೆ, ಅತಿಯಾದ ಕುಡಿತ, ಮೂತ್ರಪಿಂಡದ ರೋಗ ಇದ್ದವರಿಗೆ ಅಪಾಯ ಹೆಚ್ಚು.

ಲಿವರ್ ಕೆಟ್ಟಾಗ ಆಗುವುದೇನು? ಕರುಳಿನಿಂದ ಬರುವ ರಕ್ತವನ್ನು ಲಿವರ್‌ನ ಕುಪ್ಫರ್ ಕೋಶಗಳು ಶೋಧಿಸುತ್ತವೆ. ಸಿರೋಸಿಸ್‌ನಲ್ಲಿ ರಕ್ತ ಅಡ್ಡದಾರಿ ಹಿಡಿದು ಈ ಕಾವಲನ್ನು ತಪ್ಪಿಸಿಕೊಳ್ಳುತ್ತದೆ, ಕಾಂಪ್ಲಿಮೆಂಟ್ ಪ್ರೋಟೀನುಗಳೂ ಕಡಿಮೆಯಾಗುತ್ತವೆ. ಹೀಗೆ ರಕ್ತದಲ್ಲಿ ಉಳಿದ ಬ್ಯಾಕ್ಟೀರಿಯಾಕ್ಕೆ ಹೊಸದಾಗಿ ಕೂರಿಸಿದ ಕೃತಕ ನಾಳ ಒಳ್ಳೆಯ ಆಸರೆ.

ಮೆಲಿಯೋಯ್ಡೋಸಿಸ್‌ನ ತೊಡಕು ಅಲ್ಲಿಗೇ ನಿಲ್ಲುವುದಿಲ್ಲ. ಅಪರೂಪಕ್ಕೆ ಅದು ಮಹಾಪಧಮನಿಯ ಗೋಡೆಯನ್ನೇ ತಿಂದು ಉಬ್ಬಿಸುತ್ತದೆ. ಆಗ ಶಸ್ತ್ರಚಿಕಿತ್ಸೆಯೇ ಬೇಕು. ಸೋಂಕು ಉಳಿದ ಜಾಗದಲ್ಲೇ ಹೊಸ ನಾಳ ಹಾಕಬೇಕಾದ ಸಂಕಟವೂ ಎದುರಾಗುತ್ತದೆ. ಸಾಮಾನ್ಯವಾಗಿ ಕನಿಷ್ಠ 10ರಿಂದ 14 ದಿನ ಕೊಡುವ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ನು ಇಲ್ಲಿ ವಾರಗಟ್ಟಲೆ ಬೇಕು, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ.

ಸಿರೋಸಿಸ್‌ನವರು ರಕ್ತ ವಾಂತಿ ಮಾಡಿದಾಗ ಸೋಂಕು ತಡೆಯಲೆಂದು ರೂಢಿಯಲ್ಲಿ ಕೊಡುವ ಸೆಫ್ಟ್ರಿಯಾಕ್ಸೋನ್ ಈ ರೋಗಾಣುವಿನ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಜೆಂಟಮೈಸಿನ್ನಿಗೂ ಅದು ಸಾಮಾನ್ಯವಾಗಿ ಬಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ಸ್ಯೂಡೋಮೊನಾಸ್ ಎಂದೋ, ಹೊರಗಿನಿಂದ ಸೇರಿದ ಕಲ್ಮಶವೆಂದೋ ಬದಿಗಿಡುವ ಅಪಾಯ ನಿಜವಾದದ್ದು. ಔಷಧದ ಕೊರತೆಗಿಂತ ಈ ತಪ್ಪು ಗುರುತೇ ಹೆಚ್ಚು ಕಾಡುವ ಸಂಗತಿ.

ಆ್ಯಂಟಿಬಯೊಟಿಕ್ ಶುರುಮಾಡುವ ಮೊದಲು ರಕ್ತದ ಕಲ್ಚರ್ ತೆಗೆಯಿರಿ, ಮಾದರಿಯ ಚೀಟಿಯಲ್ಲಿ ‘ಮೆಲಿಯೋಯ್ಡೋಸಿಸ್ ಶಂಕೆ’ ಎಂದು ಬರೆಯಿರಿ. ರೋಗಿಯ ಮನೆಯವರೂ ಅಷ್ಟೇ: ಈ ಮಳೆಗಾಲ ಗದ್ದೆಗೆ ಇಳಿದದ್ದುಂಟಾದರೆ ವೈದ್ಯರು ಕೇಳದಿದ್ದರೂ ಹೇಳಿಬಿಡಿ.