ಜಿಂಕೆ ಮರಿಗಳ ದಿಢೀರ್ ಸಾವು: ಕಾರಣ ಪತ್ತೆ ಮಾಡುವುದು ಹೇಗೆ?

ಪುಣೆ: ಇಲ್ಲಿನ ಕಾತ್ರಜ್‌ನಲ್ಲಿರುವ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯದಲ್ಲಿ 2025ರ ಜುಲೈನಲ್ಲಿ ಒಂದು ವಾರದ ಆಸುಪಾಸಿನಲ್ಲೇ ಸುಮಾರು 15 ಚುಕ್ಕೆ ಜಿಂಕೆಗಳು ಸತ್ತವು. ಪ್ರಯೋಗಾಲಯದಿಂದ ಬಂದ ಉತ್ತರ ಕಾಲುಬಾಯಿ ರೋಗ. ಅದೇ ವರ್ಷ ನವೆಂಬರ್‌ನಲ್ಲಿ ಬೆಳಗಾವಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಅಲ್ಲಿ ಕಾರಣ ಗಳಲೆ ರೋಗ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಘಟನೆ. ಆದರೆ ಮೊದಲನೆಯದು ವೈರಸ್‌ನಿಂದ, ಎರಡನೆಯದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಗಳಲೆಗೆ ಬೇಗ ಕೊಟ್ಟರೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ, ಕಾಲುಬಾಯಿ ವೈರಸ್ ಮೇಲೆ ಅದು ನಡೆಯುವುದಿಲ್ಲ. ಉಳಿದ ಪ್ರಾಣಿಗಳು ಬದುಕುತ್ತವೆಯೋ ಇಲ್ಲವೋ ಎಂಬುದು ಹೀಗೆ ಕಾರಣ ಎಷ್ಟು ಬೇಗ ತಿಳಿಯುತ್ತದೆ ಎಂಬುದರ ಮೇಲೆ ನಿಂತಿದೆ.

ಸತ್ತದ್ದು ಈಗಷ್ಟೇ ಹುಟ್ಟಿದ ಮರಿಯಾದರೆ ಪತ್ತೆ ಕೆಲಸ ಇನ್ನೂ ಕಷ್ಟ. ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ 1970ರ ದಶಕದಿಂದ ಜಿಂಕೆ ಸಾಕಣೆ ಒಂದು ಕಸುಬು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಹಾಗೆ ಸಾಕುವಂತಿಲ್ಲ. ಮೃಗಾಲಯ, ಜಿಂಕೆವನಗಳ ಆವರಣದಲ್ಲೇ ಈ ಪ್ರಶ್ನೆ ಎದುರಾಗುತ್ತದೆ.

ಅಡಗಿರುವ ಮರಿ, ಕಾಣದ ಕಾಯಿಲೆ

ಜಿಂಕೆ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನ ಮರೆಯಲ್ಲಿ ಅಲುಗಾಡದೆ ಮಲಗಿರುತ್ತದೆ. ತಾಯಿ ದಿನಕ್ಕೆ ಕೆಲವೇ ಸಲ ಬಂದು ಹಾಲೂಡಿಸಿ ದೂರ ಹೋಗುತ್ತದೆ. ಹಾಗಾಗಿ ಸುಮ್ಮನೆ ಮಲಗಿದ ಮರಿ ಅನಾಥವೂ ಅಲ್ಲ, ರೋಗಿಯೂ ಅಲ್ಲ. ಬೆನ್ನು ಬಾಗಿಸಿ ನಿಂತಿರುವ, ಅತ್ತಿತ್ತ ಅಲೆಯುತ್ತಾ ಕೂಗುವ, ಬಾಲದ ಕೆಳಗೆ ಭೇದಿ ಅಂಟಿರುವ ಮರಿಯನ್ನು ಅನುಮಾನಿಸಬೇಕು. ಕಾಯಿಲೆ ಪಾಲಕರ ಕಣ್ಣಿಗೆ ಬೀಳುವಷ್ಟರಲ್ಲಿ ಹಲವು ಮರಿಗಳ ಸಮಯ ಮುಗಿದಿರುತ್ತದೆ.

ಮರಿ ಸತ್ತಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ: ಅದು ಉಸಿರಾಡಿತ್ತೇ, ನಡೆದಿತ್ತೇ, ಹಾಲು ಕುಡಿದಿತ್ತೇ? ಶ್ವಾಸಕೋಶದ ತುಂಡು ನೀರಿನಲ್ಲಿ ತೇಲಿದರೆ ಮರಿ ಉಸಿರಾಡಿತ್ತು ಎಂದರ್ಥ (ಕೊಳೆತ ಶವದಲ್ಲಿ ಈ ಪರೀಕ್ಷೆ ನಂಬುವಂತಿಲ್ಲ). ಹುಟ್ಟುವಾಗ ಗೊರಸಿನ ತುದಿಗೆ ಮೆತ್ತನೆಯ ಕವಚ ಇರುತ್ತದೆ, ನಡೆದಂತೆ ಅದು ಸವೆಯುತ್ತದೆ. ಹೊಟ್ಟೆಯಲ್ಲಿ ಗಟ್ಟಿಯಾದ ಹಾಲು ಇಲ್ಲದೆ, ಮೂತ್ರಪಿಂಡದ ಸುತ್ತಲಿನ ಕೊಬ್ಬು ಕರಗಿ ಲೋಳೆಯಂತಾಗಿದ್ದರೆ ಮರಿ ಹಸಿವಿನಿಂದಲೋ ಚಳಿಯಿಂದಲೋ ಸತ್ತಿರಬಹುದು. ಮಳೆಗಾಲದಲ್ಲಿ ಒದ್ದೆಯಾದ ಮರಿಗೆ ಇದು ದೊಡ್ಡ ಅಪಾಯ, ರೋಗಾಣುವೇ ಬೇಕಿಲ್ಲ.

ಗಿಣ್ಣುಹಾಲಿನ ಲೆಕ್ಕವೂ ಇಲ್ಲೇ ಬರುತ್ತದೆ. ಹಸು, ಎಮ್ಮೆಗಳಂತೆ ಜಿಂಕೆಯಲ್ಲೂ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಗಿಣ್ಣುಹಾಲಿನಿಂದಲೇ ಸಿಗಬೇಕು. ಮೊದಲ ಕೆಲವು ಗಂಟೆಗಳಲ್ಲಿ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಸುಮಾರು 24 ಗಂಟೆ ಕಳೆದರೆ ಆ ಬಾಗಿಲು ಮುಚ್ಚುತ್ತದೆ. ಗಿಣ್ಣು ಸಿಗದ ಮರಿಗೆ ಇ-ಕೋಲಿ ಭೇದಿ, ಹೊಕ್ಕುಳಿನ ಮೂಲಕ ನಂಜು ಏರುವುದು ಬೇಗ. ಹೊಕ್ಕುಳು ಊದಿ ಕೀವು ತುಂಬಿದೆಯೇ ಎಂದು ನೋಡುವುದು ಅದಕ್ಕೇ. ಬದುಕಿರುವ ಮರಿಗಳಲ್ಲಿ ರಕ್ತದ ಪ್ರೋಟೀನ್ ಅಳೆದರೆ ಗಿಣ್ಣು ಸಿಕ್ಕಿತ್ತೇ ಎಂಬ ಅಂದಾಜು ಸಿಗುತ್ತದೆ.

ಬಾಯಿಯಲ್ಲಿ ಗುಳ್ಳೆ ಇಲ್ಲದಿದ್ದರೂ ಕಾಲುಬಾಯಿ ರೋಗ

ಕಾಲುಬಾಯಿ ರೋಗ ಎಂದರೆ ಬಾಯಿ ಹುಣ್ಣು, ಜೊಲ್ಲು, ಕುಂಟುವುದು ಎಂದೇ ಎಲ್ಲರಿಗೂ ಗೊತ್ತು. ಎಳೆ ಪ್ರಾಣಿಗಳಲ್ಲಿ ಮಾತ್ರ ವೈರಸ್ ನೇರವಾಗಿ ಹೃದಯದ ಸ್ನಾಯುವಿಗೆ ದಾಳಿ ಇಡಬಹುದು. ಗುಳ್ಳೆ ಏಳುವ ಮೊದಲೇ ಮರಿ ಕುಸಿದು ಸಾಯುತ್ತದೆ. ಹೃದಯವನ್ನು ಕೊಯ್ದು ನೋಡಿದರೆ ಬಿಳಿ, ಬೂದು ಪಟ್ಟೆಗಳು ಕಾಣಬಹುದು. ವೈದ್ಯರು ಇದನ್ನು 'ಟೈಗರ್ ಹಾರ್ಟ್' ಎನ್ನುತ್ತಾರೆ. ಸೆಲೆನಿಯಂ ಕೊರತೆಯಿಂದಲೂ ಸ್ನಾಯು ಹೀಗೆ ಬಿಳಿಚಿಕೊಳ್ಳುವುದರಿಂದ ಕಣ್ಣಿನ ತೀರ್ಪು ಸಾಲದು, ಪಿಸಿಆರ್ ಪರೀಕ್ಷೆ ಬೇಕೇ ಬೇಕು. ಅಂಥ ಸಾವು ಕಂಡ ಆವರಣದಲ್ಲಿ ದೊಡ್ಡ ಜಿಂಕೆಗಳ ಬಾಯಿ, ಗೊರಸನ್ನೂ ನೋಡಬೇಕು, ಸುಳಿವು ಅಲ್ಲಿರುತ್ತದೆ.

ಶವ ತೆರೆಯುವ ಮುನ್ನ ಎಚ್ಚರ

ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಶವವನ್ನು ಕೊಯ್ಯಬಾರದು. ಅದು ಆಂಥ್ರಾಕ್ಸ್ ಆಗಿರಬಹುದು. ಗಾಳಿಗೆ ತೆರೆದುಕೊಂಡರೆ ರೋಗಾಣು ಬೀಜಕಣವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲಷ್ಟೇ ಮುಂದಿನ ಮಾತು.

ಉಳಿದಂತೆ ಮಾದರಿ ಕಳಿಸುವ ರೀತಿಯಲ್ಲೇ ಅರ್ಧ ಪತ್ತೆ ಅಡಗಿದೆ. ಸೂಕ್ಷ್ಮದರ್ಶಕ ಪರೀಕ್ಷೆಗೆ ಅಂಗಾಂಗದ ಚಿಕ್ಕ ತುಂಡುಗಳು 10% ಫಾರ್ಮಲಿನ್‌ನಲ್ಲಿ. ರೋಗಾಣು ಬೆಳೆಸಲು, ಪಿಸಿಆರ್‌ಗೆ ಫಾರ್ಮಲಿನ್ ಸೋಕದ ತುಂಡುಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಕರುಳಿನ ತುಂಡಿಗೆ ಎರಡೂ ತುದಿ ಕಟ್ಟಿರಬೇಕು. ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ತುಂಬಿ ಕಳಿಸಿದರೆ ರೋಗಾಣು ಬೆಳೆಸಿ ನೋಡುವ ಅವಕಾಶವೇ ತಪ್ಪುತ್ತದೆ. ಶವ ಸಿಕ್ಕಿದ ಕೂಡಲೇ ತಣ್ಣಗೆ ಇಡುವುದು ಮೊದಲ ಕೆಲಸ, ಏಕೆಂದರೆ ಪುಣೆಯ ಬೇಸಿಗೆಯಲ್ಲಿ ಮರಿಯ ಕರುಳು ಕೆಲವೇ ಗಂಟೆಗಳಲ್ಲಿ ಪರೀಕ್ಷೆಗೆ ಬಾರದ ಸ್ಥಿತಿಗೆ ಬರುತ್ತದೆ.