ಮದನಿಕೆಯರು

ಚಾಲುಕ್ಯ ಮತ್ತು ಹೊಯ್ಸಳ ದೇವಾಲಯಗಳಲ್ಲಿ ಕಂಬದ ಮೇಲ್ಭಾಗಕ್ಕೂ ಸೂರಿಗೂ ನಡುವೆ ಓರೆಯಾಗಿ ಕೂರಿಸಿದ ಸ್ತ್ರೀಶಿಲ್ಪಗಳು. ಮದನಕೈ ವಿಗ್ರಹ, ಶಿಲಾಬಾಲಿಕೆ ಎಂದೂ ಕರೆಯುತ್ತಾರೆ. ನರ್ತಕಿಯರ, ವಾದ್ಯಗಾರ್ತಿಯರ ಮತ್ತು ಸಿಂಗರಿಸಿಕೊಳ್ಳುತ್ತಿರುವ ಹೆಣ್ಣುಗಳ ಚೆಲುವನ್ನು ತೋರಿಸುವ ಕನ್ನಡ ನಾಡಿನ ಅತ್ಯುತ್ತಮ ಕಲಾಕೃತಿಗಳಿವು.

ಬೆಳವಣಿಗೆ: ಮರದ ಕೊಂಬೆ ಹಿಡಿದು ನಿಂತ ಯಕ್ಷಿಯರ ರೂಪ ಭಾರ್ಹುತ್, ಸಾಂಚಿಗಳಷ್ಟು ಹಳೆಯದು. ಬಾದಾಮಿಯ ಮೂರನೆಯ ಗುಹೆಯಲ್ಲಿ (578) ಕಂಬದ ಮೇಲ್ತುದಿಯಲ್ಲಿ ದಂಪತಿಗಳ ಶಿಲ್ಪಗಳಿವೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಈ ಶಿಲ್ಪಗಳು ಪೂರ್ಣ ಬೆಳೆದವು. ತುಂಗಭದ್ರೆಯ ದಡದ ಕುರುವತ್ತಿ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಅದಕ್ಕೆ ಸಾಕ್ಷಿ. ಬೀದರ್ ಜಿಲ್ಲೆಯ ಜಲಸಂಗ್ವಿಯಲ್ಲಿ ಒಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನೇ ಬರೆಯುತ್ತಿದ್ದಾಳೆ.

ಬೇಲೂರು: ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಹೊರಗೆ 38, ಒಳಗಿನ ನವರಂಗದಲ್ಲಿ 4 ಮದನಿಕೆಯರಿದ್ದಾರೆ. ಇವರನ್ನು ಕೆತ್ತಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಇದರಿಂದಲೇ. ದರ್ಪಣಸುಂದರಿ ಕನ್ನಡಿ ಹಿಡಿದು ತನ್ನನ್ನು ತಾನು ನೋಡಿಕೊಳ್ಳುತ್ತಾಳೆ. ಶುಕಭಾಷಿಣಿ ಕೈಮೇಲಿನ ಗಿಳಿಯೊಡನೆ ಮಾತಾಡುತ್ತಾಳೆ. ಮತ್ತೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ತಲೆಯ ಮೇಲಿನ ಬಳ್ಳಿಚಪ್ಪರವೂ ಬರಿಯ ಅಲಂಕಾರವಲ್ಲ: ಒಂದು ಕಡೆ ಹಣ್ಣಿನ ಮೇಲೆ ಕುಳಿತ ನೊಣಕ್ಕೆ ಹಲ್ಲಿ ಹೊಂಚು ಹಾಕಿದೆ. ನವರಂಗದ ಒಬ್ಬಳ ಕೈಬಳೆಯನ್ನು ಆಚೀಚೆ ಸರಿಸಬಹುದು. ಹಳೇಬೀಡಿನಲ್ಲಿ ಮಾತ್ರ ಬಹುಪಾಲು ಮದನಿಕೆಯರು ಕಳೆದುಹೋಗಿ, ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಶಿಲ್ಪಿಗಳು: ಹಲವು ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರು, ಊರು, ಬಿರುದುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರಲ್ಲಿ ಪ್ರಮುಖರು. ಭಾರತದ ಹಳೆಯ ಶಿಲ್ಪಿಗಳಲ್ಲಿ ಬಹುಪಾಲು ಜನ ಅಜ್ಞಾತರಾಗಿರುವಾಗ, ಹೊಯ್ಸಳ ರೂವಾರಿಗಳ ಈ ಹೆಮ್ಮೆ ಅಪರೂಪದ್ದು.

ರೂಪದರ್ಶಿಯರು: ಶಿಲ್ಪಿಯ ಹೆಸರು ಉಳಿದರೂ ಶಿಲ್ಪಕ್ಕೆ ಪ್ರೇರಣೆಯಾದ ಹೆಣ್ಣಿನ ಹೆಸರು ಪೀಠದ ಮೇಲಿಲ್ಲ. ದರ್ಪಣಸುಂದರಿ ವಿಷ್ಣುವರ್ಧನನ ರಾಣಿ ಶಾಂತಲೆಯೇ ಎಂಬುದು ಜನರ ನಂಬಿಕೆ. ಶಾಂತಲೆಯ ಸಂಗೀತ, ನೃತ್ಯಗಳ ಪ್ರೌಢಿಮೆಯನ್ನು ಶಾಸನಗಳು ಕೊಂಡಾಡುತ್ತವೆ. ರೂಪದರ್ಶಿಯ ಹೆಸರನ್ನು ದಾಖಲಿಸುವ ವಿಷಯದಲ್ಲಿ ಜಪಾನಿನ ಎಡೋ ಕಾಲದ ಮರದಚ್ಚಿನ ಚಿತ್ರಗಳು ಬೇರೆ ದಾರಿ ಹಿಡಿದವು. ಕಿಟಗಾವಾ ಉಟಮಾರೊ (ಮರಣ 1806) ಮೊದಲಾದವರು ಯೋಶಿವಾರ ಎಂಬ ಗಣಿಕಾ ಕೇರಿಯ ಗಣಿಕೆಯರನ್ನು ಚಿತ್ರಿಸಿದಾಗ ಅವರ ಹೆಸರನ್ನೂ ಅವರಿದ್ದ ಮನೆಯ ಹೆಸರನ್ನೂ ಹಾಳೆಯ ಮೇಲೆ ಅಚ್ಚು ಹಾಕುವುದು ರೂಢಿಯಲ್ಲಿತ್ತು.

ಕನ್ನಡ ನಾಡಿನಲ್ಲಿ ಅಂಥ ಹೆಸರುಗಳಿಗೆ ಶಾಸನಗಳನ್ನೇ ನೋಡಬೇಕು. ಬಾದಾಮಿ ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯಾಗಿದ್ದ ಗಣಿಕೆ ವಿನಾಪೋಟಿ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಭೂಮಿಗಳನ್ನು ಕೊಟ್ಟದ್ದು ಅಲ್ಲಿನ ಶಾಸನದಲ್ಲಿದೆ. ದೇವಾಲಯದ ನರ್ತಕಿಯರಾದ ಪಾತ್ರದವರಿಗೆ ದತ್ತಿ ಬಿಟ್ಟ ದಾಖಲೆಗಳೂ ಇವೆ. ಮುಂದೆ, ಹೆಣ್ಣುಗಳನ್ನು ದೇವಾಲಯದ ಸೇವೆಗೆ ಒಪ್ಪಿಸುವ ಈ ದೇವದಾಸಿ ವ್ಯವಸ್ಥೆ ಬಡ ಹೆಣ್ಣುಮಕ್ಕಳ ಶೋಷಣೆಯಾಗಿ ಇಳಿಯಿತು. ಕರ್ನಾಟಕ ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆಯ ಮೂಲಕ ನಿಷೇಧಿಸಿತು.

ಪ್ರಭಾವ: ಡಿ.ವಿ. ಗುಂಡಪ್ಪನವರ ‘ಅಂತಃಪುರ ಗೀತೆ’ಗೆ ಬೇಲೂರಿನ ಮದನಿಕೆಯರೇ ಸ್ಫೂರ್ತಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿನಲ್ಲಿ ಶಿಲ್ಪಿಯ ಕೈಚಳಕವಿದೆ, ಶಾಸನದಲ್ಲಿ ಹೆಣ್ಣಿನ ಹೆಸರಿದೆ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಮದನಿಕೆಯರ ಚರಿತ್ರೆ ಪೂರ್ಣವಾಗುತ್ತದೆ.